ತಂತಿಯ ಕಾಗುಣಿತ

(ಸ್ಟೀಲ್ ಗಿಟಾರ್ ನುಡಿಸುತ್ತಿದ್ದ ನಮ್ಮ ಮಾಮನ ನೆನಪಿಗೆ ಮುಂಬಯಿಯ ಮಾಟುಂಗದಲ್ಲಿ ನಡೆದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ. ಟೀಚರ ಕೆಂಪು ಶಾಯಿಯ ಚಾಳಿ ನಿವೃತ್ತಿಯಾದರೂ ಬಿಡುವುದಿಲ್ಲ.)

ಮೊದಲು ಇದನ್ನು ಕೈಯಲ್ಲಿ ಹಿಡಿದು ನೋಡಿ. ಮುಂದಿನ ಸಾಲಿನವರು ನೋಡಿ ಹಿಂದಿನವರಿಗೆ ದಾಟಿಸಿ. ಕೊನೆಯ ಸಾಲನ್ನು ಮುಟ್ಟಿ ಮತ್ತೆ ನನ್ನ ಮೇಜಿಗೇ ಬರಬೇಕು, ಯಾರ ಜೇಬಿಗೂ ಇಳಿಯಬಾರದು. ಬೆರಳುದ್ದದ ಉಕ್ಕಿನ ತುಂಡು. ಒಂದು ತುದಿ ಗುಂಡಗಿದೆ, ಮೇಲಿನ ಹೊಳಪು ಅರ್ಧ ಹೋಗಿದೆ. ತೂಕ 150 ಗ್ರಾಮಿಗಿಂತ ಸ್ವಲ್ಪ ಹೆಚ್ಚು. ನಮ್ಮ ಕಟ್ಟಡದ ಕೆಳಗಿನ ಕಿರಾಣಿ ಅಂಗಡಿಯಲ್ಲಿ ತೂಗಿಸಿದ್ದೇನೆ.

ಸ್ಟೀಲ್ ಗಿಟಾರ್ ಎನ್ನುವ ಹೆಸರಿನಲ್ಲಿರುವ ಸ್ಟೀಲ್ ಇದೇ. ಆಮಂತ್ರಣ ನೋಡಿದ ನಾಲ್ಕೈದು ಮಂದಿ ಫೋನ್ ಮಾಡಿ, 'ಉಕ್ಕಿನಲ್ಲಿ ಮಾಡಿದ ಗಿಟಾರೇ?' ಎಂದು ಕೇಳಿದರು. ಅಲ್ಲ. ಗಿಟಾರು ಮರದ್ದೇ. ಎಡಗೈಯ ಬೆರಳುಗಳಿಂದ ತಂತಿಯನ್ನು ಅದುಮುವ ಬದಲು ಈ ತುಂಡನ್ನು ತಂತಿಯ ಮೇಲೆ ತೇಲಿಸುತ್ತಾರೆ, ಅಷ್ಟೇ ವ್ಯತ್ಯಾಸ. ಅಷ್ಟೇ ಎಂದೆನಲ್ಲ, ಆ 'ಅಷ್ಟೇ'ಗೆ ನಮ್ಮ ಮಾಮ ಅರುವತ್ತು ವರ್ಷ ಕೊಟ್ಟರು. ನುಡಿಸುವವರು ಇದನ್ನು 'ಬಾರ್' ಎನ್ನುತ್ತಾರೆ. 'ಸಂಜೆಯಾದರೆ ಇವರಿಗೆ ಬಾರ್ ಬೇಕು' ಎಂದು ಮಾಮಿ ಹೊಸ ನೆಂಟರ ಮುಂದೆ ಹೇಳಿ, ಅವರ ಮುಖ ಸಪ್ಪಗಾಗುವುದನ್ನು ನೋಡಿ ಸಂತೋಷಪಡುತ್ತಿದ್ದರು.

ಮಾಮನ ಹೆಸರು ಈ ಸಭಾಂಗಣದಲ್ಲಿ ಎಲ್ಲರಿಗೂ ಗೊತ್ತು. ಆದರೆ ನಾನು ಹೆಸರು ಹಿಡಿದು ಕರೆದವಳಲ್ಲ. ನಮ್ಮ ಚಾಳಿನ, ಅಂದರೆ ವಠಾರದ, ಮೂರು ಮಹಡಿಗೂ ಅವರು ಗಿಟಾರ್ ಮಾಮ. ಬರಹದಲ್ಲೂ ಹಾಗೆಯೇ ಇರಲಿ. ಅವರ ಹೆಸರು ಯಾವ ಗ್ರಾಮಫೋನ್ ತಟ್ಟೆಯ ಮೇಲೂ ಅಚ್ಚಾದದ್ದಲ್ಲ. ಆ ಕಾಲದ ತಟ್ಟೆಗಳ ಮೇಲೆ ಹಾಡಿದವರ ಹೆಸರಿರುತ್ತಿತ್ತು, ಸಂಗೀತ ನಿರ್ದೇಶಕರದ್ದಿರುತ್ತಿತ್ತು. ಹಿಂದೆ ಕುಳಿತು ನುಡಿಸಿದ ನಲವತ್ತು ಐವತ್ತು ಮಂದಿಯದ್ದು ಇರುತ್ತಿರಲಿಲ್ಲ.

ಹದಿಮೂರನೆಯ ವಯಸ್ಸಿನಲ್ಲಿ, 1953ರಲ್ಲಿ, ಅವರು ದಕ್ಷಿಣ ಕನ್ನಡದಿಂದ ಇಲ್ಲಿಗೆ ಬಂದರು. ಮುಂದಿನ ಕಥೆಯನ್ನು ಇಲ್ಲಿರುವ ಅರ್ಧ ಜನ ತಮ್ಮ ತಂದೆಯ ಕಥೆಯಾಗಿಯೇ ಬಲ್ಲಿರಿ: ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುವುದು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅದೇ ಮೇಜುಗಳ ಮೇಲೆ ಮಲಗುವುದು, ನಡುವೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಓಡುವುದು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ಬೇರೆಯೇ ಉಪನ್ಯಾಸ ಬೇಕು, ಇವತ್ತು ಬೇಡ. ಮಾಮ ಅಲ್ಲಿ ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತರಾದರು. ಗಿಟಾರು ಮಾತ್ರ ರಾತ್ರಿ ಶಾಲೆಗಿಂತ ಮೊದಲೇ ಕಿವಿಗೆ ಬಿದ್ದಿತ್ತು.

ಹೋಟೆಲಿನ ಎದುರಿಗೊಂದು ಇರಾನಿ ಚಹಾದಂಗಡಿ. ಅಲ್ಲಿ ರೇಡಿಯೋ. 1952ರಲ್ಲಿ ಕೇಂದ್ರದ ಮಂತ್ರಿ ಕೇಸ್ಕರರಿಗೆ ಚಿತ್ರಗೀತೆ ಹಿಡಿಸದೆ ಆಕಾಶವಾಣಿಯಿಂದ ಅದು ಹೆಚ್ಚುಕಡಿಮೆ ಮಾಯವಾಯಿತು. ಕೇಳುಗರೆಲ್ಲ ಮುಳ್ಳು ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು. 1957ರಲ್ಲಿ ವಿವಿಧ ಭಾರತಿ ಹುಟ್ಟಿದ ಮೇಲೆಯೇ ಜನ ಮೆಲ್ಲಗೆ ಹಿಂದಿರುಗಿದ್ದು. ಈ ಕೇಂದ್ರಗಳಿಗೆ ಒಂದು ಸಣ್ಣ ತೊಂದರೆ ಇತ್ತು. ಹಾಡು ಮುಗಿದಿರುತ್ತದೆ, ಸುದ್ದಿಗೆ ಇನ್ನೂ ಎರಡು ನಿಮಿಷ ಇರುತ್ತದೆ. ಆ ಎರಡು ನಿಮಿಷಕ್ಕೆ ಇನ್ನೊಂದು ಹಾಡು ಹಾಕಿದರೆ ನಡುವೆ ಕತ್ತರಿಸಬೇಕು, ಜನ ಬೈಯುತ್ತಾರೆ. ಅದಕ್ಕೇ ಹಾಡಿಲ್ಲದ ಹಾಡು: ಗಿಟಾರಿನಲ್ಲೋ ಅಕಾರ್ಡಿಯನ್ನಿನಲ್ಲೋ ನುಡಿಸಿದ ಚಿತ್ರಗೀತೆಯ ಧಾಟಿ. ಅದನ್ನು ಎಲ್ಲಿ ಕತ್ತರಿಸಿದರೂ ಯಾರೂ ಕೇಳುವುದಿಲ್ಲ. ನಮ್ಮ ದೇಶದಲ್ಲಿ ಸ್ಟೀಲ್ ಗಿಟಾರ್ ಮನೆಮನೆ ಸೇರಿದ್ದು ಹೀಗೆ, ಸುದ್ದಿಯ ಹೊಸ್ತಿಲಲ್ಲಿ ಕುಳಿತು. ಪೂರ್ತಿ ಕೇಳಿಸಿಕೊಂಡವರು ಕಡಿಮೆ.

ಹೋಟೆಲಿನ ಹುಡುಗ ಕೇಳಿಸಿಕೊಂಡ. ಅವನ ಕಿವಿಗೆ ಬಿದ್ದದ್ದು ವಾನ್ ಶಿಪ್ಲೆಯವರ ಗಿಟಾರು. ಲಖನೌದಲ್ಲಿ ಹುಟ್ಟಿ, ಮೈಹರದ ಅಲ್ಲಾವುದ್ದೀನ್ ಖಾನರ ಬಳಿ ಪಾಠ ಹೇಳಿಸಿಕೊಂಡು, ಈ ಊರಿಗೆ ಬಂದು ಚಿತ್ರಗೀತೆಗಳ ನಡುವೆ ಬಾಳಿದವರು ಅವರು. ಪಿಟೀಲನ್ನೂ ನುಡಿಸುತ್ತಿದ್ದರು. ಆರು ತಂತಿ ಸಾಲದೆಂದು ಎಂಟು ತಂತಿಯ ವಿದ್ಯುತ್ ಗಿಟಾರನ್ನು ತಾವೇ ರೂಪಿಸಿಕೊಂಡಿದ್ದರು. ಪುಣೆಯ ಅಕಾರ್ಡಿಯನ್ ವಾದಕ ಈನಕ್ ಡೇನಿಯಲ್ಸರ ಜೊತೆ ಅವರು ಕೊಟ್ಟ ತಟ್ಟೆಗಳು ಒಂದು ಕಾಲದಲ್ಲಿ ಮದುವೆಮನೆಯ ಧ್ವನಿವರ್ಧಕಗಳಿಗೆಲ್ಲ ಆಹಾರ. 2008ರಲ್ಲಿ ಇದೇ ಮುಂಬಯಿಯಲ್ಲಿ ತೀರಿಕೊಂಡರು. ಆ ದಿನ ಮಾಮ ಗಿಟಾರನ್ನು ಪೆಟ್ಟಿಗೆಯಿಂದ ತೆಗೆದು ಒರೆಸಿ ಹಾಗೇ ಒಳಗಿಟ್ಟರು. ನುಡಿಸಲಿಲ್ಲ. ಕೇಳಿದ್ದಕ್ಕೆ, 'ಸೂತಕ ಮಾರಾಯ್ತಿ' ಎಂದರು.

ಮಾಮನ ಮೊದಲ ಗಿಟಾರು ಹಳೆಯ ಸಾಮಾನಿನ ಚೋರ್ ಬಜಾರಿನದು. ಅದು ಎಲ್ಲರೂ ಎದೆಗಾನಿಸಿಕೊಂಡು ನುಡಿಸುವ ಸಾಮಾನ್ಯ ಗಿಟಾರು. ಅದರಲ್ಲಿ ತಂತಿಗಳು ಮೆಟ್ಟಿಲುಗಳಿಗೆ, ಅಂದರೆ ಕತ್ತಿನ ಮೇಲಿನ ಅಡ್ಡಗೆರೆಗಳಿಗೆ, ತಾಗುವಷ್ಟು ಕೆಳಗಿರುತ್ತವೆ, ಬಾರ್ ಇಟ್ಟರೆ ಕಟಕಟ ಎನ್ನುತ್ತದೆ. ಮುರಿದ ಕೊಡೆಯ ಕೋಲಿನಿಂದ ಎರಡಿಂಚು ಕತ್ತರಿಸಿ, ಅದನ್ನು ತಂತಿಗಳ ಕೆಳಗೆ, ತಂತಿ ಬಿಗಿಯುವ ಬಿರಡೆಗಳ ಹತ್ತಿರ ತೂರಿಸಿದರು. ತಂತಿಗಳು ಮೇಲಕ್ಕೆದ್ದವು. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿದರು. ಮಳೆಗಾಲದ ಒಂದು ಕೊಡೆ ಬಾಳಿಗೆ ಬಂದದ್ದು ಹಾಗೆ. ಈ ಬಾರನ್ನು ಪರೇಲಿನ ಲೇತ್ ಅಂಗಡಿಯೊಂದರಲ್ಲಿ ಕಡೆಸಿಕೊಂಡರು. ಗಿರಣಿಯ ಯಂತ್ರಗಳಿಗೆ ಬಿಡಿಭಾಗ ಮಾಡುತ್ತಿದ್ದ ಅಂಗಡಿ ಅದು. ಅವರು ದುಡ್ಡು ತೆಗೆದುಕೊಳ್ಳಲಿಲ್ಲವಂತೆ, ಯಾತಕ್ಕೆಂದು ಅರ್ಥವಾಗದ ವಸ್ತುವಿಗೆ ಎಷ್ಟು ಬೆಲೆ ಹೇಳುವುದು ಎಂದು.

ಹವಾಯಿಯಲ್ಲಿ ಇದು ಹುಟ್ಟಿದ ಕಥೆಯೂ ಕಬ್ಬಿಣದ ಚೂರಿನದೇ. ಜೋಸೆಫ್ ಕೆಕುಕು ಎಂಬ ಹುಡುಗ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರೈಲು ಹಳಿಯ ಮೇಲೆ ಬಿದ್ದಿದ್ದ ಬೋಲ್ಟೊಂದನ್ನು ಎತ್ತಿಕೊಂಡು ಗಿಟಾರಿನ ತಂತಿಗೆ ತಾಗಿಸಿದನಂತೆ. ಗಿಟಾರು ಅಲ್ಲಿಗೆ ಬಂದದ್ದು ಮೆಕ್ಸಿಕೋದ ದನಗಾಹಿಗಳ ಜೊತೆ. 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ದೊಡ್ಡ ವಸ್ತುಪ್ರದರ್ಶನದಲ್ಲಿ ಹವಾಯಿಯ ವಾದಕರು ನುಡಿಸಿದ ಮೇಲೆ ಅಮೆರಿಕಕ್ಕೆ ಅದರ ಹುಚ್ಚು ಹಿಡಿಯಿತು. 1930ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಮೊದಮೊದಲ ವಿದ್ಯುತ್ ಗಿಟಾರು ಕೂಡ ತೊಡೆಯ ಮೇಲಿಡುವ ಸ್ಟೀಲ್ ಗಿಟಾರೇ. ದುಂಡಗಿನ ಒಡಲು, ಉದ್ದನೆಯ ಹಿಡಿ ಇದ್ದದ್ದರಿಂದ ಅದನ್ನು ಬಾಣಲೆ ಎಂದು ಕರೆದರು. ನಮ್ಮ ಕಡೆ ಈ ವಾದ್ಯದ ತವರು ಕೋಲ್ಕತ್ತ. ಹವಾಯಿಯ ಟಾವ್ ಮೋ ಎಂಬ ವಾದಕ ತನ್ನ ಸಂಸಾರದ ಜೊತೆ 1940ರ ದಶಕದಲ್ಲಿ ಅಲ್ಲಿ ವರ್ಷಗಟ್ಟಲೆ ನೆಲೆಸಿದ್ದರು. ಬಂಗಾಳಿಗಳ ಮನೆಗಳಲ್ಲಿ ರವೀಂದ್ರಗೀತೆಯೂ ನಜ್ರುಲ್ ಗೀತೆಯೂ ಹವಾಯಿಯನ್ ಗಿಟಾರಿನಲ್ಲಿ ಹೊರಟವು. ಕವಿ ನಜ್ರುಲರ ಮಗ ಕಾಜಿ ಅನಿರುದ್ಧ ಈ ವಾದ್ಯದ ಒಳ್ಳೆಯ ವಾದಕ. ಗಿಟಾರ್ ವಾದಕ ಸುನೀಲ್ ಗಂಗೂಲಿಯವರನ್ನಂತೂ ನೀವೆಲ್ಲ ಕೇಳಿಯೇ ಇದ್ದೀರಿ, ಹೆಸರು ಗೊತ್ತಿಲ್ಲದೆ.

ನಮಗೇನು ಹೊಸದಲ್ಲ ಎಂದು ಹೇಳುವವರೂ ಇದ್ದಾರೆ. ಗೋಟುವಾದ್ಯ ಇದೆಯಲ್ಲ ಎಂದು. ಇದೆ. ಮೆಟ್ಟಿಲಿಲ್ಲದ ವೀಣೆ, ತಂತಿಯ ಮೇಲೆ ಜಾರುವ ಮರದ ತುಂಡು. ಜಾರಿಸುವ ಆಸೆ ಎಲ್ಲ ಕಡೆಯೂ ಇತ್ತು. ಅದಕ್ಕಿಂತ ಹೆಚ್ಚು ಹೇಳಲು ಹೊರಟರೆ ಯಾರು ಯಾರಿಂದ ಕದ್ದರು ಎಂಬ ಜಗಳ ಶುರುವಾಗುತ್ತದೆ. ಆ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು, ಮೂವತ್ತು ವರ್ಷ ಒಳಗೆ ಬಿಡಲಿಲ್ಲ. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಅದು ಸ್ವರದಿಂದ ಸ್ವರಕ್ಕೆ ಜಾರಲಾರದು, ಹಾರುತ್ತದೆ ಎಂಬುದು. ಗಿಟಾರೂ ಹಾರುವ ವಾದ್ಯವೇ. ಈ 150 ಗ್ರಾಂ ಉಕ್ಕು ಅದಕ್ಕೆ ಜಾರುವುದನ್ನು ಕಲಿಸಿತು.

ಕಲಿಸಿತು ಎಂದರೆ ಸುಲಭವಾಯಿತು ಎಂದಲ್ಲ. ನಾನು 1974ರಲ್ಲಿ ಮಾಮನ ಹತ್ತಿರ ಕಲಿಯಲು ಕುಳಿತಾಗ ಮೊದಲ ಎರಡು ತಿಂಗಳು ಬೆಕ್ಕುಗಳ ಜಗಳ. ಸಾಮಾನ್ಯ ಗಿಟಾರಿನಲ್ಲಿ ಬೆರಳು ಮೆಟ್ಟಿಲಿನ ಸ್ವಲ್ಪ ಹಿಂದೆ ಬಿದ್ದರೆ ಸಾಕು, ಸ್ವರವನ್ನು ಮೆಟ್ಟಿಲೇ ಸರಿಪಡಿಸುತ್ತದೆ. ಇಲ್ಲಿ ಬಾರ್ ಆ ಗೆರೆಯ ನೆತ್ತಿಯ ಮೇಲೇ ನಿಲ್ಲಬೇಕು. ಕೂದಲೆಳೆಯಷ್ಟು ಅತ್ತಿತ್ತ ಆದರೂ ಅಪಶ್ರುತಿ. ಗೆರೆಯನ್ನು ನೋಡಿಕೊಂಡು ಇಡೋಣವೆಂದರೆ ಅದೂ ಮೋಸ. ತಲೆ ವಾಲಿದಂತೆ ಬಾರ್ ಒಂದೊಂದು ಕಡೆ ಇದ್ದಂತೆ ಕಾಣುತ್ತದೆ. ಮಾಮ ದೀಪ ಆರಿಸಿ ಪಾಠ ಮಾಡುತ್ತಿದ್ದರು. ನಾನು ದೊಡ್ಡ ಗುರುಕುಲದ ಪದ್ಧತಿ ಎಂದುಕೊಂಡಿದ್ದೆ. ಮಾಮಿ ಮಲಗಬೇಕಿತ್ತು, ಇದ್ದದ್ದು ಒಂದೇ ಕೋಣೆ, ಅದೇ ಕಾರಣ. ವಿದ್ಯುತ್ ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸದೆ ನುಡಿಸಿದರೆ ಸೊಳ್ಳೆಯಷ್ಟೇ ಸದ್ದು. ಆ ಸೊಳ್ಳೆಯ ಸದ್ದಿನಲ್ಲಿ ನನ್ನ ಕಿವಿ ತಯಾರಾಯಿತು.

ಇನ್ನೊಂದು ತೊಂದರೆ ಶ್ರುತಿಯದು. ಬರಿಯ ತಂತಿಗಳನ್ನು ಸುಮ್ಮನೆ ಮೀಟಿದರೆ ಸ, ಗ, ಪ ಕೂಡಿ ಬರುವಂತೆ ಕಟ್ಟಿರುತ್ತಾರೆ. ಆ ಗಾಂಧಾರ, ಅಂದರೆ ಗ, ಶುದ್ಧ. ಹಾಡು ಸಂತೋಷದ್ದಾದರೆ ಬಾರನ್ನು ಅಡ್ಡ ಇಟ್ಟು ಎಲ್ಲವನ್ನೂ ಒಟ್ಟಿಗೆ ಮೀಟಬಹುದು. ಅದಕ್ಕಿಂತ ತುಸು ಕೆಳಗಿನ ಕೋಮಲ ಗಾಂಧಾರ ಬೇಡುವ ಹಾಡು ಬಂದರೆ ಆ ತಂತಿ ಮುಳ್ಳಾಗುತ್ತದೆ. ಅದನ್ನು ತಪ್ಪಿಸಿ ನಡೆಯಬೇಕು, ಇಲ್ಲವೇ ಬಾರನ್ನು ಓರೆ ಹಿಡಿಯಬೇಕು. ಓರೆ ಹಿಡಿಯುವುದು ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ.

ಈಗ ನಾನು ಹೇಳಬೇಕೆಂದು ಬಂದ ವಿಷಯಕ್ಕೆ ಬರುತ್ತೇನೆ.

1981. ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿ ಒಂದು ವರ್ಷ. ಸಂಜೆ ಚಾಳಿನ ಮೊಗಸಾಲೆಯಲ್ಲಿ ಕುಳಿತು ಮೂರನೆಯ ತರಗತಿಯ ಪುಸ್ತಕ ತಿದ್ದುತ್ತಿದ್ದೆ. 'ನನ್ನ ಅಜ್ಜಿ' ಎಂಬ ಪ್ರಬಂಧ. ಒಬ್ಬ ಹುಡುಗ ಬರೆದಿದ್ದ: 'ನನ್ನ ಅಜ್ಜಿ ಹಳಿಯಲ್ಲಿ ಇರುತ್ತಾರೆ. ನಾವು ರಜೆಯಲ್ಲಿ ಹಳಿಗೆ ಹೋಗುತ್ತೇವೆ.' ಮುಂಬಯಿಯ ಮಗುವಿಗೆ ರೈಲಿನ ಹಳಿಯೇ ಹೆಚ್ಚು ಪರಿಚಿತ, ತಪ್ಪೇನಿಲ್ಲ. ನಾನು ನಕ್ಕು ಗಟ್ಟಿಯಾಗಿ ಓದಿದೆ. ಪಕ್ಕದ ಕುರ್ಚಿಯಲ್ಲಿದ್ದ ಮಾಮ ನಗಲಿಲ್ಲ. 'ಅದನ್ನೇ ಇನ್ನೊಮ್ಮೆ ಹೇಳು' ಎಂದರು. ಹಳಿ, ಹಳ್ಳಿ. 'ಇನ್ನೊಮ್ಮೆ.' ಹಳಿ, ಹಳ್ಳಿ. ಎದ್ದು ಒಳಗೆ ಹೋಗಿ ಗಿಟಾರು ತಂದರು.

ಆ ಹೊತ್ತಿಗೆ ಅವರು ಇಪ್ಪತ್ತು ವರ್ಷ ನುಡಿಸಿದ್ದವರು. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಅವರಿಗೆ ಬೇಡಿಕೆ ಇತ್ತು. ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಭಾವಗೀತೆ ನುಡಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಆದರೆ ಆ ಸಂಜೆ ಗೊತ್ತಾದದ್ದು, ಇಪ್ಪತ್ತು ವರ್ಷದಿಂದ ಅವರ ಗಿಟಾರಿನಲ್ಲಿ ಎಲ್ಲರ ಅಜ್ಜಿಯೂ ಹಳಿಯ ಮೇಲೇ ಕುಳಿತಿದ್ದಳು ಎಂದು. ಒತ್ತಕ್ಷರವೇ ಇರಲಿಲ್ಲ. ಜಾರುವ ವಾದ್ಯದ ದೊಡ್ಡ ರೋಗ ಅದು: ಎಲ್ಲವನ್ನೂ ಬೆಣ್ಣೆಯಂತೆ ಒಂದರೊಳಗೊಂದು ಕರಗಿಸಿಬಿಡುತ್ತದೆ. ಕೇಳಲು ಇಂಪು. ಪದ ಮಾತ್ರ ಸತ್ತಿರುತ್ತದೆ.

ಮಾಮ ನನ್ನನ್ನು ಕೇಳಿದರು: 'ಟೀಚರೇ, ಮಕ್ಕಳಿಗೆ ಸ್ವರ ಎಂದರೇನು, ವ್ಯಂಜನ ಎಂದರೇನು ಎಂದು ಹೇಳಿಕೊಡುತ್ತೀರಿ?' ಕೆಲಸ ಸಿಕ್ಕಿದ ಮೇಲೆ ನನ್ನನ್ನು ಹೀಗೆ ಬಹುವಚನದಲ್ಲಿ ಕೀಟಲೆ ಮಾಡುವುದು ಅವರ ಅಭ್ಯಾಸ. ನಾನು ಪುಸ್ತಕದಲ್ಲಿದ್ದದ್ದನ್ನು ಹೇಳಿದೆ. ತಾನಾಗಿ ಉಚ್ಚರಿಸಲು ಬರುವುದು ಸ್ವರ. ಸ್ವರದ ನೆರವಿಲ್ಲದೆ ಉಚ್ಚರಿಸಲು ಬಾರದ್ದು ವ್ಯಂಜನ. ಎರಡೂ ಕೂಡಿದರೆ ಗುಣಿತಾಕ್ಷರ. ಮಾಮ ಬಲಗೈಯ ಹೆಬ್ಬೆರಳಿನಿಂದ ತಂತಿಯನ್ನು ಒಮ್ಮೆ ಮೀಟಿ ಅಂಗೈಯಿಂದ ತಕ್ಷಣ ಮುಚ್ಚಿದರು. ಟಕ್. 'ಇದು ವ್ಯಂಜನ.' ಮತ್ತೆ ಮೀಟಿ ಬಾರನ್ನು ಮೇಲಕ್ಕೆ ಜಾರಿಸಿದರು. 'ಇದು ಅದರ ಕಾಗುಣಿತ.'

ನಾನು ನಲವತ್ತು ವರ್ಷ ಕಾಗುಣಿತ ಕಲಿಸಿದವಳು. ಅದಕ್ಕಿಂತ ಚೆನ್ನಾಗಿ ನನಗೆ ಯಾರೂ ಅದನ್ನು ತೋರಿಸಿಲ್ಲ. ಬಲಗೈ ವ್ಯಂಜನ, ಎಡಗೈ ಸ್ವರ. ನಮ್ಮ ಭಾಷೆಯಲ್ಲಿ ಎರಡು ಸ್ವರಕ್ಕೂ ಒಂದೇ ಪದ ಇರುವುದು ಎಷ್ಟು ಒಳ್ಳೆಯದಾಯಿತು ನೋಡಿ.

ಆಮೇಲೆ ಆರು ತಿಂಗಳು ಮೊಗಸಾಲೆಯಲ್ಲಿ ನಮ್ಮ ವರ್ಣಮಾಲೆಯ ಶಾಲೆ. ದೀರ್ಘ ಸುಲಭ, ತಂತಿ ಉಳಿದಷ್ಟು ಹೊತ್ತೂ ದೀರ್ಘ. ಬಳೆ ಮತ್ತು ಬಾಳೆ ಮೊದಲ ವಾರವೇ ಬೇರೆಯಾದವು. ಹ್ರಸ್ವವೇ ಕಷ್ಟ. ವಿದ್ಯುತ್ ಗಿಟಾರಿನ ತಂತಿಗೆ ಸುಮ್ಮನಿರಲು ಬರುವುದಿಲ್ಲ, ಅದನ್ನು ಹೊತ್ತಿಗೆ ಸರಿಯಾಗಿ ಮುಚ್ಚಬೇಕು. ಒತ್ತಕ್ಷರಕ್ಕೆ ಅಂಗೈಯ ಅಂಚು ತಂತಿಯ ಮೇಲೆ ಬಿದ್ದು, ಕಣ್ಣು ಮಿಟುಕಿಸುವಷ್ಟು ಹೊತ್ತು ಮೌನವಿದ್ದು, ಮತ್ತೆ ಮೀಟು. ಆ ಮೌನವೇ ಒತ್ತು. ನಾವು ಬಾಯಲ್ಲಿ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. 'ಹಳ್ಳಿ' ಎನ್ನುವಾಗ ನಾಲಿಗೆ ಮೇಲಕ್ಕೆ ಮಡಚಿ ಒಂದು ಗಳಿಗೆ ಅಂಟಿಕೊಳ್ಳುತ್ತದೆ. ಅನುಸ್ವಾರಕ್ಕೆ ಟೋನಿನ ಗುಂಡಿಯನ್ನು ಕಿರುಬೆರಳಿನಿಂದ ತಿರುಗಿಸಿ ಸದ್ದನ್ನು ಮಂಕು ಮಾಡಿದರು. ಬಾಯಿ ಮುಚ್ಚಿ 'ಮ್' ಎಂದಂತೆ ಕೇಳಿಸಿತು.

ಹಕಾರ ನಾಲ್ಕು ತಿಂಗಳು ಸತಾಯಿಸಿತು. ಹಕಾರದಲ್ಲಿ ಹೊಡೆತವೇ ಇಲ್ಲವಲ್ಲ, ಬರೀ ಉಸಿರು. ತಂತಿಯನ್ನು ಮೀಟದೆ ನುಡಿಸುವುದು ಹೇಗೆ? ಕೊನೆಗೆ ಒಂದು ದಿನ ಬ್ಯಾಂಕಿನಿಂದ ಬಂದವರು ಅಂಗಿಯನ್ನೂ ಬದಲಾಯಿಸದೆ ನನ್ನನ್ನು ಕರೆದರು. ವಾಲ್ಯೂಮಿನ ಗುಂಡಿಯನ್ನು ಪೂರ್ತಿ ಮುಚ್ಚಿ ತಂತಿಯನ್ನು ಮೀಟಿದರು, ಹೊಡೆತ ಕೇಳಿಸಲಿಲ್ಲ. ಮೀಟಿದ ಮರುಗಳಿಗೆಯಲ್ಲಿ ಗುಂಡಿಯನ್ನು ತೆರೆದರು. ಸದ್ದು ಎಲ್ಲಿಂದಲೋ ಉಸಿರಿನಂತೆ ಬಂತು. ಹ. ಈ ಉಪಾಯ ಸ್ಟೀಲ್ ಗಿಟಾರಿನವರಿಗೆಲ್ಲ ಗೊತ್ತಿರುವುದೇ, ಹಳ್ಳಿಗಾಡಿನ ಅಮೆರಿಕನ್ ಹಾಡುಗಳಲ್ಲಿ ಕಾಲಿನ ಪೆಡಲಿನಿಂದ ಇದನ್ನೇ ಮಾಡಿ ಗಿಟಾರಿಗೆ ಅಳು ಬರಿಸುತ್ತಾರೆ. ಅದಕ್ಕೆ ಹಕಾರ ಎಂದು ಹೆಸರಿಟ್ಟದ್ದು ಮಾತ್ರ ನಮ್ಮ ಚಾಳಿನಲ್ಲಿ.

ಮಹಾಪ್ರಾಣ? ಕೇಳಿದೆ. 'ನಮ್ಮ ಊರಿನವರ ಬಾಯಲ್ಲೇ ಮಹಾಪ್ರಾಣ ಸರಿಯಾಗಿ ಕೂತಿಲ್ಲ, ಗಿಟಾರಿಗೆ ಯಾಕೆ ಆ ತೊಂದರೆ' ಎಂದರು. ಣಕಾರ ನಕಾರಗಳನ್ನೂ ಬೇರೆ ಮಾಡಲು ಆಗಲಿಲ್ಲ. ನಲವತ್ತೊಂಬತ್ತು ಅಕ್ಷರಗಳಲ್ಲಿ ಎಷ್ಟು ಸಿಕ್ಕವು ಎಂದು ಕೇಳಬೇಡಿ. ಐದಾರು. ಅಷ್ಟರಲ್ಲೇ ಸಂಸಾರ ನಡೆಯಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಹಾಡು ಗೊತ್ತಿಲ್ಲದವರಿಗೆ ಗಿಟಾರಿನಲ್ಲಿ ಪದ ಕೇಳಿಸುವುದಿಲ್ಲ. ಪದಗಳನ್ನು ತರುವವರು ಕೇಳುಗರು. ವಾದಕ ಅವುಗಳಿಗೆ ದಾರಿ ಬಿಡಬೇಕು. ನಮ್ಮ ಚಾಳಿನಲ್ಲಿ ಗೋವಾದ ಪಿಟೀಲು ವಾದಕರೊಬ್ಬರಿದ್ದರು, ಕನ್ನಡ ಒಂದಕ್ಷರ ಬಾರದು. ಮಾಮನ ಹೊಸ ಬಗೆಯನ್ನು ಕೇಳಿ, 'ಏನಾಯಿತು, ನಿನ್ನ ಗಿಟಾರಿಗೆ ಬಿಕ್ಕಳಿಕೆ ಬಂದಿದೆಯಲ್ಲ' ಎಂದರು. ಅದೇ ವಾರ ಸಂಘದ ಕಾರ್ಯಕ್ರಮದಲ್ಲಿ, ಇಪ್ಪತ್ತು ವರ್ಷದಿಂದ ನುಡಿಸುತ್ತಿದ್ದ ಅದೇ ಭಾವಗೀತೆಯನ್ನು ನುಡಿಸಿದಾಗ, ಮೊದಲ ಸಲ ಹಿಂದಿನ ಸಾಲುಗಳಿಂದ ಜನ ಮೆಲ್ಲಗೆ ಹಾಡತೊಡಗಿದರು. ಚಪ್ಪಾಳೆ ತಡವಾಗಿ ಬಂತು.

ಆ ಪಿಟೀಲು ವಾದಕರ ಮೂಲಕವೇ ಮಾಮ ಚಿತ್ರಗೀತೆಯ ಧ್ವನಿಮುದ್ರಣಕ್ಕೂ ಹೋದದ್ದು. ಮುಂಬಯಿಯ ಚಿತ್ರಸಂಗೀತದ ಬೆನ್ನೆಲುಬು ಗೋವಾದವರು. ಆಂಥೊನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜರಂಥವರು ವಾದ್ಯಮೇಳದ ಭಾಗಗಳನ್ನು ಬರೆದು ಹಂಚುತ್ತಿದ್ದರು. ಚರ್ಚಿನ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿ ಕಲಿತದ್ದರಿಂದ ಅವರಿಗೆ ಅದು ನೀರು ಕುಡಿದಷ್ಟು ಸಲೀಸು. ನಮ್ಮ ಮಾಮನಿಗೆ ಗೊತ್ತಿದ್ದ ಸ್ವರಲಿಪಿ ಒಂದೇ: ಬ್ಯಾಂಕಿನ ಹಳೆಯ ಲೆಡ್ಜರಿನಲ್ಲಿ, ಜಮಾ ಖರ್ಚಿನ ಕೆಂಪು ಗೆರೆಗಳ ನಡುವೆ, ಕನ್ನಡದಲ್ಲಿ ಬರೆದುಕೊಂಡ ಸರಿಗಮ. ಎದುರಿಗೆ ಐದು ಗೆರೆಯ ಕಾಗದ ಬಂದಾಗ ಗೆಳೆಯ ಕಿವಿಯಲ್ಲಿ ಗುನುಗುವುದು, ಇವರು ನುಡಿಸುವುದು.

ಹೀಗೆ ಏಳೆಂಟು ಸಲ ಹೋಗಿರಬಹುದು, ಯಾವಾಗಲೂ ಬರಬೇಕಾದವರು ಬಾರದಿದ್ದಾಗ. ಒಂದು ಸಲ ಬ್ಯಾಂಕಿಗೆ ರಜೆ ಹಾಕಿ ಬೆಳಗಿನಿಂದ ರಾತ್ರಿಯವರೆಗೆ ಕುಳಿತು, ನಡುವಿನ ಸಂಗೀತದಲ್ಲಿ ಹನ್ನೆರಡು ಸೆಕೆಂಡು ನುಡಿಸಿ ಬಂದರು. ಚಿತ್ರ ತೆರೆಗೆ ಬಂದ ವಾರ ಚಾಳಿನ ಹದಿನಾರು ಮಂದಿಗೆ ಟಿಕೆಟ್ ತಂದರು. ಹಾಡು ಬಂತು. ಎಲ್ಲರೂ ಕುರ್ಚಿಯ ಅಂಚಿಗೆ ಸರಿದೆವು. ನಾಯಕಿ ಬೆಟ್ಟ ಹತ್ತಲು ಹೊರಟಳು, ಮರುಗಳಿಗೆಯಲ್ಲಿ ಬೆಟ್ಟದ ತುದಿಯಲ್ಲಿದ್ದಳು. ಹತ್ತುವ ಹನ್ನೆರಡು ಸೆಕೆಂಡನ್ನು ಕತ್ತರಿಸಿದ್ದರು. ಮಧ್ಯಂತರದಲ್ಲಿ ಮಾಮ ನಮಗೆಲ್ಲ ಸಮೋಸ ಕೊಡಿಸಿ, 'ಅವಳಿಗೆ ಏದುಸಿರು ಬರಲಿಲ್ಲ, ನೋಡಿದಿರಾ' ಎಂದರು. ನಿರ್ಮಾಪಕರಿಂದ ಬರಬೇಕಾದ ಸಂಭಾವನೆ ಮಾತ್ರ ಕೊನೆಗೂ ಬರಲಿಲ್ಲ.

ಶಾಸ್ತ್ರೀಯ ಸಂಗೀತಕ್ಕೆ ಏಕೆ ಹೋಗಲಿಲ್ಲ ಎಂದು ಅನೇಕರು ಕೇಳುತ್ತಿದ್ದರು. ದಾರಿ ಆಗಲೇ ಸಿದ್ಧವಾಗಿತ್ತು. ಜೋಧಪುರದ ಬ್ರಿಜ್‌ಭೂಷಣ್ ಕಾಬ್ರಾ ಸರೋದ್ ವಾದಕ ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಈ ಗಿಟಾರಿನಲ್ಲಿ ರಾಗ ವಿಸ್ತರಿಸಿ ತೋರಿಸಿದ್ದರು. 1967ರಲ್ಲಿ ಶಿವಕುಮಾರ ಶರ್ಮ, ಹರಿಪ್ರಸಾದ ಚೌರಾಸಿಯಾ ಅವರ ಜೊತೆ ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ರಾಗಗಳಲ್ಲಿ ಹೇಳಿದ ತಟ್ಟೆಯಲ್ಲಿ ಗಿಟಾರು ಅವರದೇ. ಆ ತಟ್ಟೆಯ ಸಂತೂರನ್ನೂ ಕೊಳಲನ್ನೂ ಎಲ್ಲರೂ ನೆನೆಯುತ್ತಾರೆ, ಮೂರನೆಯವರನ್ನು ಮರೆಯುತ್ತಾರೆ. ಇದು ನನಗೆ ಸಿಟ್ಟು ಬರಿಸುವ ವಿಷಯ. ಕಾಬ್ರಾ 2018ರಲ್ಲಿ ತೀರಿಕೊಂಡರು. ಇದೇ ಬಗೆಯ ಗಿಟಾರಿನಲ್ಲಿ ರಾಗ ನುಡಿಸುವ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದದ್ದು ಪತ್ರಿಕೆಯಲ್ಲಿ ಬಂದಾಗ ಮಾಮ ಆ ತುಣುಕನ್ನು ಕತ್ತರಿಸಿ ಗಿಟಾರಿನ ಪೆಟ್ಟಿಗೆಯ ಒಳಗೆ ಅಂಟಿಸಿದರು. ಅವರನ್ನೆಲ್ಲ ಗೌರವದಿಂದ ಕೇಳುತ್ತಿದ್ದರು. 'ಆದರೆ ನನಗೆ ಪದ ಬೇಕು' ಎನ್ನುತ್ತಿದ್ದರು.

1980ರ ದಶಕದಲ್ಲಿ ಸಿಂಥಸೈಸರ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಯಂತ್ರ, ಬಂತು. ಚಿತ್ರಗೀತೆಗಳಿಗೆ ಬೇಸ್ ಗಿಟಾರ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲೇ ಯಂತ್ರಗಳ ಮೇಲೆ ಹತ್ತು ರಾಗ ನುಡಿಸಿ ತಟ್ಟೆ ತಂದಿದ್ದರು. ಆಗ ಯಾರೂ ಕೊಳ್ಳಲಿಲ್ಲ, ಸುಮಾರು ಮೂವತ್ತು ವರ್ಷದ ಮೇಲೆ ಹೊರದೇಶದವರು ಅದನ್ನು ಹುಡುಕಿ ಮೆರೆಸಿದರು. ಕೀಬೋರ್ಡಿನ ಎಡಕ್ಕಿರುವ ಸಣ್ಣ ಚಕ್ರ ತಿರುಗಿಸಿದರೆ ಸ್ವರ ಜಾರುತ್ತದೆ. ಕಾಲು ಶತಮಾನ ಬೆವರಿಳಿಸಿ ಗಳಿಸಿದ ಜಾರು ಒಂದು ಚಕ್ರಕ್ಕೆ ಬಂತು. ಆರ್ಕೆಸ್ಟ್ರಾದವರು ಮಾಮನನ್ನು ಕರೆಯುವುದು ಕಡಿಮೆಯಾಯಿತು. ವಾಲ್ವ್ ಆಂಪ್ಲಿಫೈಯರ್ ಕೆಟ್ಟರೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಡಿಭಾಗ ಸಿಗುವುದೂ ಕಷ್ಟವಾಯಿತು. ಅವರಿಗೆ ಬೇಸರವಾಗಿತ್ತೇ? ಆಗಿತ್ತು. ಅದನ್ನು ಮುಚ್ಚಿಟ್ಟು, ನಗುನಗುತ್ತಾ ಒಪ್ಪಿಕೊಂಡರು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೂರು ವರ್ಷ ಪೆಟ್ಟಿಗೆ ತೆರೆಯಲಿಲ್ಲ.

ತೆರೆದದ್ದು 1998ರ ಜನವರಿಯಲ್ಲಿ. ಕೊಂಕಣ ರೈಲು ಪೂರ್ತಿ ಓಡತೊಡಗಿದ 26ನೆಯ ತಾರೀಕಿನ ಸಂಜೆ. ಊರಿಗೆ ಹೋಗಲು ಎಷ್ಟು ಬಸ್ಸು ಬದಲಿಸಿ ಎಷ್ಟು ವಾಂತಿ ಮಾಡಿಕೊಂಡವರು ನಾವು ಎಂಬುದು ಇಲ್ಲಿರುವ ಕರಾವಳಿಯವರಿಗೆ ಗೊತ್ತು. ಮಾಮ ನನಗೆ ಹೇಳಿ ಕಳುಹಿಸಿದರು. ಹೋದರೆ ಹೊಸ ತಂತಿ ಕಟ್ಟಿ ಕುಳಿತಿದ್ದಾರೆ. 'ಟೀಚರೇ, ಇದನ್ನು ತಿದ್ದಿ' ಎಂದು ಒಂದು ವಾಕ್ಯ ನುಡಿಸಿದರು. ರಾಗವಿಲ್ಲ, ತಾಳವಿಲ್ಲ, ಮಾತಿನ ಏರಿಳಿತ ಮಾತ್ರ. ಮೊದಲ ಸಲಕ್ಕೇ ಗೊತ್ತಾಯಿತು. ಹಳಿ ಹಳ್ಳಿಗೆ ಬಂತು. ಎರಡು ಉಸಿರು, ಒಂದು ಮೌನ, ಕೊನೆಯಲ್ಲಿ ಬಾಯಿ ಮುಚ್ಚಿದ ಅನುಸ್ವಾರ. ಎಲ್ಲ ಇತ್ತು.

ಕಳೆದ ಆಷಾಢದಲ್ಲಿ ಅವರು ಹೋದರು. ಪೆಟ್ಟಿಗೆ ತೆರೆದಾಗ ತಂತಿಗಳೆಲ್ಲ ಸಡಿಲವಾಗಿದ್ದವು. ಮಳೆ ಶುರುವಾಗುವ ಮುಂಚೆ ಬಿರಡೆ ತಿರುಗಿಸಿ ಇಳಿಸಿಡುವುದು ಅವರ ಕ್ರಮ. ಈ ಊರಿನ ತೇವಕ್ಕೆ ಕತ್ತು ಬಾಗುತ್ತದೆ ಎಂದು. ಆ ವರ್ಷವೂ ಇಳಿಸಿಟ್ಟಿದ್ದರು.

ಬಾರ್ ಮೇಜಿಗೆ ಬಂತೇ? ಬಂತು, ಒಳ್ಳೆಯದು. ಬಿಸಿಯಾಗಿದೆ, ಎಷ್ಟು ಕೈ ದಾಟಿತೋ. ಈಗ ನಾನು ಒಂದೇ ಪದ ನುಡಿಸುತ್ತೇನೆ. ಹಾಡಲ್ಲ, ಹಾಡಿಗೆ ನನ್ನ ಕೈ ಸಾಲದು. ಮಾಮಿಯವರು ಮುಂದೆ ಕುಳಿತಿದ್ದಾರೆ, ಅವರು ಉತ್ತರ ಹೇಳಬಾರದು. ಉಳಿದವರು ಗಟ್ಟಿಯಾಗಿ ಹೇಳಿ.

(ನುಡಿಸಿದೆ. ಸಭೆಯ ಎಡಭಾಗದವರು 'ಹಳ್ಳಿ' ಎಂದರು, ಬಲಭಾಗದವರು 'ಹಳಿ' ಎಂದರು. ನಾನು ನುಡಿಸಿದ್ದು ಹಳ್ಳಿ. ನನ್ನ ಅಂಗೈ ಇನ್ನೂ ತಡವಾಗಿ ಬೀಳುತ್ತಿದೆ.)